ಮಳೆ ಅಳೆದು ಕನ್ನಡ ಕಲಿಸುವುದು: ಗಡಿನಾಡಿನ ಭಾಷಾ ಶಿಕ್ಷಕರಿಗೆ ಒಂದು ಮಾರ್ಗದರ್ಶಿ

ಪರಿಸರ ಮಾಲಿನ್ಯದ ಬಗ್ಗೆ ಪ್ರಬಂಧ ಬರೆಯಿರಿ ಎಂದು ಒಂಬತ್ತನೆಯ ತರಗತಿಗೆ ಹೇಳಿದರೆ ಎಲ್ಲ ಪುಸ್ತಕಗಳಲ್ಲೂ ಮೊದಲ ವಾಕ್ಯ ಒಂದೇ: ‘ಇಂದಿನ ಆಧುನಿಕ ಯುಗದಲ್ಲಿ ಪರಿಸರ ಮಾಲಿನ್ಯವು ಒಂದು ದೊಡ್ಡ ಸಮಸ್ಯೆಯಾಗಿದೆ.’ ವ್ಯಾಕರಣದ ತಪ್ಪಿಲ್ಲ, ಕಾಗುಣಿತವೂ ಸರಿ. ಆದರೆ ಬರೆದವರು ಏನನ್ನೂ ನೋಡಿಲ್ಲ. ಅದೇ ಹುಡುಗಿ ಮಧ್ಯಾಹ್ನದ ಬಿಡುವಿನಲ್ಲಿ ಗೆಳತಿಯೊಡನೆ ತುಳುವಿನಲ್ಲಿ ಮಾತಾಡುವುದನ್ನು ಕೇಳಿ. ನಿನ್ನೆಯ ಮಳೆಗೆ ಪೇಟೆಯ ರಸ್ತೆಯಲ್ಲಿ ನೀರು ಎಲ್ಲಿಯವರೆಗೆ ಬಂತು, ಯಾವ ಅಂಗಡಿಯವರು ಅಕ್ಕಿಯ ಚೀಲಗಳನ್ನು ಮೇಜಿನ ಮೇಲೆ ಏರಿಸಿದರು, ಆಟೋ ಎಲ್ಲಿ ಕೆಟ್ಟು ನಿಂತಿತು, ಒಂದು ವಿವರವನ್ನೂ ಬಿಡದೆ ಹೇಳುತ್ತಾಳೆ. ಆ ಮಾತು ಕನ್ನಡ ಪುಸ್ತಕದೊಳಕ್ಕೆ ಬರಬೇಕು. ಅದು ಬರುವ ದಾರಿಯನ್ನು ನನ್ನ ತರಗತಿಗಳಲ್ಲಿ ಹುಡುಕುತ್ತಾ ಕಂಡುಕೊಂಡ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳಲ್ಲಿ ಮನೆಯಲ್ಲಿ ಪುಸ್ತಕದ ಕನ್ನಡ ಮಾತಾಡುವವರು ಕಡಿಮೆ. ತುಳು, ಹವ್ಯಕ, ಮಲಯಾಳಂ, ಬ್ಯಾರಿ, ಕೊಂಕಣಿ, ಮರಾಠಿ, ಒಂದೇ ಬೆಂಚಿನಲ್ಲಿ ಮೂರು ಮನೆಮಾತುಗಳಿರುತ್ತವೆ. ಇದನ್ನು ಕೊರತೆಯೆಂದು ನೋಡುವ ಅಭ್ಯಾಸವನ್ನು ಮೊದಲು ಬಿಡಬೇಕು. ಈ ಊರಿನ ನೆಲ, ನೀರು, ಮಳೆಗಳಿಗೆ ಬೇಕಾದ ಪದಗಳು ಮಕ್ಕಳ ಮನೆಯಲ್ಲಿವೆ. ಆ ಪದಗಳನ್ನು ಹೊತ್ತು ನಿಲ್ಲುವ ವಾಕ್ಯವನ್ನು ನಾವು ತರಗತಿಯಲ್ಲಿ ಕೊಡುತ್ತೇವೆ. ಮುಂದಿನ ಹಂತಗಳೆಲ್ಲ ಈ ಕೊಡುಕೊಳ್ಳುವಿಕೆಯ ಮೇಲೆ ನಿಂತಿವೆ.

ಶಾಲೆ ತೆರೆಯುವ ಮೊದಲು

ಮೇ ತಿಂಗಳಲ್ಲಿಯೇ ಶಾಲೆಯಿಂದ ಹೊರಟು ಒಂದು ಕಿಲೋಮೀಟರಿನೊಳಗೆ ಮುಗಿಯುವ ಒಂದು ದಾರಿಯನ್ನು ಆರಿಸಿಕೊಳ್ಳಿ. ಅದರಲ್ಲಿ ಒಂದು ತೋಡು (ಸಣ್ಣ ಹಳ್ಳ), ಒಂದು ಮೋರಿ, ಹೊಸದಾಗಿ ಕಟ್ಟಿದ ಒಂದು ಕಟ್ಟಡ, ಹಳೆಯ ಒಂದು ಬಾವಿ ಇದ್ದರೆ ಸಾಕು. ಒಬ್ಬರೇ ಎರಡು ಸಲ ನಡೆಯಿರಿ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಹೆದ್ದಾರಿ ಆರು ಪಥವಾದ ಮೇಲೆ ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡಿನ ಶಾಲೆಗಳಿಗೆ ಇಂಥ ದಾರಿ ಹುಡುಕುವುದು ಕಷ್ಟವಲ್ಲ. ಬದಿಯಡ್ಕ, ಮುಳ್ಳೇರಿಯದ ಕಡೆಯವರು ಪೇಟೆಯ ಬೆನ್ನಿಗೆ ನೋಡಬೇಕು. ಹೊಸ ಕಟ್ಟಡಗಳು ಅಲ್ಲಿಯೂ ಬೈಲಿಗೆ, ಅಂದರೆ ತಗ್ಗಿನ ಗದ್ದೆಗಳಿಗೆ, ಇಳಿಯುತ್ತಿವೆ.

ಒಂದು ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಮಳೆ ಬರುತ್ತಿರುವಾಗ ಹೊಳೆಯ ದಂಡೆಗೆ, ತುಂಬಿದ ತೋಡಿಗೆ, ಕಡಲ ಬದಿಗೆ ಮಕ್ಕಳನ್ನು ಕಳುಹಿಸಬೇಡಿ. ಕೈಬಿಟ್ಟ ಕೆಂಪುಕಲ್ಲಿನ ಕೋರೆಗಳಲ್ಲಿ ಮಳೆಗಾಲಕ್ಕೆ ನೀರು ತುಂಬಿ ಆಳ ತಿಳಿಯದು. ಅವುಗಳ ಹತ್ತಿರವೂ ಬೇಡ. ನೀರಿಗಾಗಿ ಗುಡ್ಡದ ಬದಿಯನ್ನು ಕೊರೆದ ಸುರಂಗದೊಳಕ್ಕೆ ಯಾರೂ ಇಳಿಯಬಾರದು. ಹೆತ್ತವರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಒಳ್ಳೆಯ ಬರಹಕ್ಕೆ ಮಳೆ ನಿಂತ ಮರುದಿನದ ಗುರುತುಗಳೇ ಸಾಕಾಗುತ್ತವೆ: ಗೋಡೆಯ ಕೆಸರಿನ ಗೆರೆ, ಬೇಲಿಗೆ ಸಿಕ್ಕಿಕೊಂಡ ಕಸ, ಮಲಗಿದ ಹುಲ್ಲು.

ಮೊದಲ ಹಂತ: ಬಾಟಲಿ ಮತ್ತು ಒಂದು ವಾಕ್ಯ

ಎರಡು ಲೀಟರಿನ, ಬದಿ ನೇರವಾಗಿರುವ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಕುತ್ತಿಗೆ ಸಪೂರವಾಗಲು ತೊಡಗುವಲ್ಲಿ ಕತ್ತರಿಸಿ, ಆ ತುಂಡನ್ನು ತಲೆಕೆಳಗಾಗಿ ಅದರ ಬಾಯಿಗೇ ಕೂರಿಸಿದರೆ ಲಾಳಿಕೆಯಾಯಿತು. ತಳದ ಉಬ್ಬುತಗ್ಗು ಮುಚ್ಚುವಷ್ಟು ಸಣ್ಣ ಕಲ್ಲು ಹಾಕಿ, ಕಲ್ಲು ಮುಳುಗುವಷ್ಟು ನೀರು ಹೊಯ್ದು, ನೀರು ನಿಂತ ಮಟ್ಟಕ್ಕೆ ಸೊನ್ನೆಯ ಗೆರೆ ಎಳೆಯಿರಿ. ಅಲ್ಲಿಂದ ಮೇಲಕ್ಕೆ ಸ್ಕೇಲಿನಿಂದ ಮಿಲಿಮೀಟರ್ ಗುರುತು ಮಾಡಿ. ಬಾಯಿಯ ಅಗಲವೂ ಹೊಟ್ಟೆಯ ಅಗಲವೂ ಒಂದೇ ಆಗಿರುವುದರಿಂದ ಸ್ಕೇಲಿನಲ್ಲಿ ಕಂಡ ಮಿಲಿಮೀಟರೇ ಮಳೆಯ ಮಿಲಿಮೀಟರ್. ಮರ ಮತ್ತು ಮಾಡಿನಿಂದ ದೂರದ ಬಯಲಿನಲ್ಲಿ, ಗಾಳಿಗೆ ಬೀಳದಂತೆ ಕಲ್ಲುಗಳ ನಡುವೆ ನಿಲ್ಲಿಸಿ.

ಹವಾಮಾನ ಇಲಾಖೆಯ ಮಳೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಆ ಹೊತ್ತಿಗೆ ಶಾಲೆ ತೆರೆದಿರುವುದಿಲ್ಲ. ಆದ್ದರಿಂದ ಬಾಟಲಿಗಳನ್ನು ಮಕ್ಕಳ ಮನೆಗಳಲ್ಲೇ ಇಡಿ: ಒಂದು ಕಡಲ ಬದಿಗೆ, ಒಂದು ಪೇಟೆಯಲ್ಲಿ, ಒಂದು ಗುಡ್ಡದ ಮೇಲೆ. ಕುಂಬಳೆಯಲ್ಲಿ ಬಿಸಿಲಿರುವಾಗ ಸೀತಾಂಗೋಳಿಯಲ್ಲಿ ಕೊಡೆ ಬಿಚ್ಚಬೇಕಾಗುವುದು ನಮಗೆಲ್ಲ ಗೊತ್ತು. ಮೂರು ಬಾಟಲಿಗಳು ಅದನ್ನು ಅಂಕಿಯಾಗಿ ತೋರಿಸುತ್ತವೆ. ಜೋರು ಮಳೆಯ ದಿನ ಬಾಟಲಿ ತುಂಬಿ ಹೊರಚೆಲ್ಲಬಹುದು. ಸಂಜೆಯೂ ಒಮ್ಮೆ ಓದಿ, ಸೊನ್ನೆಯ ಗೆರೆಯವರೆಗೆ ಚೆಲ್ಲಿ, ಎರಡನ್ನೂ ಕೂಡಿಸಬೇಕು.

ಇನ್ನು ಭಾಷೆ. ಅಂಕಿಯ ಪಕ್ಕದಲ್ಲಿ ದಿನಕ್ಕೆ ಒಂದೇ ವಾಕ್ಯ. ಅದರಲ್ಲಿ ಒಂದು ಜಾಗ, ಒಂದು ವಸ್ತು, ಒಂದು ಕ್ರಿಯಾಪದ ಇರಲೇಬೇಕು. ‘ತುಂಬಾ ಮಳೆ ಬಂತು’ ಎಂಬುದನ್ನು ಒಪ್ಪಬೇಡಿ. ‘ಅಂಗಳದ ತುಳಸಿಕಟ್ಟೆಯ ಎರಡನೆಯ ಕಲ್ಲು ಮುಳುಗಿತು’ ಎಂದರೆ ಒಪ್ಪಿ. ‘ಭಾರೀ’ ಎಂಬ ಪದಕ್ಕೆ ನಾನು ಬೇಲಿ ಹಾಕುತ್ತೇನೆ. ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5ರಿಂದ 115.5 ಮಿಲಿಮೀಟರ್ ಬಿದ್ದರೆ ಅದು ಭಾರೀ ಮಳೆ, 204.4ರ ವರೆಗೆ ಅತಿ ಭಾರೀ. ಅದನ್ನು ಮೀರಿದರೆ ಅತ್ಯಂತ ಭಾರೀ. ಬಾಟಲಿ ಅಷ್ಟು ತೋರಿಸದಿದ್ದರೆ ಆ ಪದವನ್ನು ಬಳಸುವ ಹಕ್ಕಿಲ್ಲ. ಈ ಒಂದು ನಿಯಮದಿಂದ ಮಕ್ಕಳು ಬೇರೆ ಪದ ಹುಡುಕತೊಡಗುತ್ತಾರೆ: ತುಂತುರು, ಜಿಟಿಜಿಟಿ, ಸೋನೆ, ಜಡಿಮಳೆ, ಬಿರುಮಳೆ. ಯಾವುದು ಯಾವುದಕ್ಕಿಂತ ಜೋರು ಎಂದು ತರಗತಿಯಲ್ಲಿ ವಾದ ನಡೆದರೆ ನಡೆಯಲಿ. ಆ ವಾದದಲ್ಲಿ ಕಲಿತ ಪದಗಳನ್ನು ಅವರು ಮರೆಯುವುದಿಲ್ಲ.

ಮೂರು ವಾರ ಇಷ್ಟೇ. ಬೇಗ ಮುಂದೆ ಹೋಗುವ ಆಸೆಯನ್ನು ತಡೆದುಕೊಳ್ಳಿ.

ಎರಡನೆಯ ಹಂತ: ಊರಿನ ಹೆಸರನ್ನು ಬಿಡಿಸಿ ಓದುವುದು

ನನಗೆ ಅತ್ಯಂತ ಪ್ರಿಯವಾದ ಹಂತ ಇದು. ಶಾಲೆಯ ಸುತ್ತಲಿನ ಜಾಗಗಳ ಹೆಸರುಗಳನ್ನು ಮಕ್ಕಳಿಂದಲೇ ಹಲಗೆಯ ಮೇಲೆ ಬರೆಸಿ. ಕಾಸರಗೋಡು ಪೇಟೆಯಲ್ಲಿ ಅಡ್ಕತ್ತಬೈಲು ಇದೆ, ಬೀರಂತಬೈಲು ಇದೆ, ತಾಳಿಪಡ್ಪು ಇದೆ. ಒಳನಾಡಿಗೆ ಬಂದರೆ ಬದಿಯಡ್ಕ, ಧರ್ಮತಡ್ಕ, ಏತಡ್ಕ, ನೀರ್ಚಾಲು. ಹೆಸರಿನ ಕೊನೆಯ ತುಂಡನ್ನು ಕತ್ತರಿಸಿ ತೆಗೆಯಲು ಹೇಳಿ. ಬೈಲು ಎಂದರೇನು? ಗುಡ್ಡಗಳ ನಡುವಿನ ತಗ್ಗು, ಮಳೆಗಾಲದಲ್ಲಿ ನೀರು ಬಂದು ನಿಲ್ಲುವ ಗದ್ದೆಯ ನೆಲ. ಅಡ್ಕ ಎಂದರೆ ಎತ್ತರದ, ಒಣ, ಸಮತಟ್ಟಾದ ಜಾಗ. ಪದವು ಎಂದರೆ ಮುರಕಲ್ಲಿನ (ಕೆಂಪುಕಲ್ಲಿನ) ವಿಶಾಲ ಬಯಲು, ಪಳ್ಳ ಎಂದರೆ ಅದರ ಮೇಲೆ ನೀರು ನಿಲ್ಲುವ ಗುಂಡಿ, ಕುದ್ರು ಎಂದರೆ ಹೊಳೆಯ ನಡುವಿನ ದ್ವೀಪ. ಈ ಪದಗಳನ್ನು ತುಳು ಅಥವಾ ಹವ್ಯಕ ಮನೆಯ ಮಕ್ಕಳು ವಿವರಿಸಲಿ, ಮಲಯಾಳಂ ಮನೆಯವರು ತಮ್ಮಲ್ಲಿ ಅದಕ್ಕೆ ಏನೆನ್ನುತ್ತಾರೆಂದು ಹೇಳಲಿ.

ಆಮೇಲೆ ಒಂದು ಪ್ರಶ್ನೆ: ಹೆಸರಿನಲ್ಲಿ ಬೈಲು ಇರುವ ಜಾಗದಲ್ಲಿ ಈಗ ಏನಿದೆ? ಮಣ್ಣು ತುಂಬಿಸಿ ಕಟ್ಟಡ ಎದ್ದಿದ್ದರೆ, ಹಿಂದೆ ಅಲ್ಲಿ ನಿಲ್ಲುತ್ತಿದ್ದ ನೀರು ಈಗ ಎಲ್ಲಿಗೆ ಹೋಗುತ್ತದೆ? ನಗರ ಬೆಳವಣಿಗೆಯ ಪಾಠವನ್ನು ಇದಕ್ಕಿಂತ ನೇರವಾಗಿ ಆರಂಭಿಸುವುದು ನನಗೆ ತಿಳಿಯದು. ಕೇರಳದಲ್ಲಿ ಗದ್ದೆ ಮತ್ತು ಜೌಗು ನೆಲದ ಸಂರಕ್ಷಣೆಗೆ 2008ರಿಂದ ಕಾಯ್ದೆಯೇ ಇದೆ ಎಂಬುದನ್ನು ಈ ಹೊತ್ತಿನಲ್ಲಿ ತಿಳಿಸಬಹುದು.

ಎಚ್ಚರಿಕೆಯೊಂದಿದೆ. ಕೊನೆಯ ತುಂಡಿನ ಅರ್ಥ ಸಾಮಾನ್ಯವಾಗಿ ಸ್ಪಷ್ಟವಿರುತ್ತದೆ. ಮೊದಲ ತುಂಡಿಗೆ ಮಕ್ಕಳು, ಕೆಲವೊಮ್ಮೆ ಹಿರಿಯರೂ, ಕಥೆ ಕಟ್ಟುತ್ತಾರೆ. ಕಥೆಯನ್ನು ಕಥೆಯೆಂದೇ ಬರೆಸಿ. ಬೋರ್ಡುಗಳಲ್ಲಿ ಹೆಸರು ಹೇಗಿದೆ ಎಂಬುದನ್ನೂ ನೋಡಿ ಬರಲಿ. ಕುಂಬಳೆ ಮಲಯಾಳಂ ಬರಹದಲ್ಲಿ ಕುಂಬಳ, ಮಂಜೇಶ್ವರ ಮಂಜೇಶ್ವರಂ. ಎರಡೂ ರೂಪಗಳನ್ನು ದಾಖಲಿಸಿ. ಹೆಸರಿನ ಕೊನೆ ಸವೆದರೆ ನೆಲದ ಗುರುತೂ ಸವೆಯುತ್ತದೆ ಎಂಬುದು ನನ್ನ ಕಳಕಳಿ; ಮಕ್ಕಳು ತಾವೇ ನೋಡಿ ನಿರ್ಧರಿಸಲಿ.

ನೀರಿನ ಪದಗಳಿಗೆ ಬೇರೆಯೇ ಪುಟ ಬೇಕು. ಗುಡ್ಡದ ಬದಿಯ ಮುರಕಲ್ಲನ್ನು ಅಡ್ಡಲಾಗಿ, ಒಬ್ಬ ಆಳು ಒಳಹೋಗುವಷ್ಟು ಕೊರೆದು, ಒರತೆಯ ನೀರು ಪಂಪಿನ ಹಂಗಿಲ್ಲದೆ ಹರಿದು ಬರುವಂತೆ ಮಾಡುವುದು ಸುರಂಗ. ಮಳೆ ನಿಂತ ಮೇಲೆ ತೋಡಿಗೆ ಅಡ್ಡಲಾಗಿ ಹಾಕುವುದು ಕಟ್ಟ. ಏತಡ್ಕದ ಕೃಷಿಕರು ಒಂದೇ ತೋಡಿಗೆ ಸಾಲಾಗಿ ಕಟ್ಟಗಳನ್ನು ಹಾಕಿ ಹೆಸರಾಗಿದ್ದಾರೆ. ಇಳಿಜಾರಿನ ನೀರನ್ನು ತಡೆದು ಇಂಗಿಸುವುದು ಮದಕ. ತೋಟದ ಹೆಚ್ಚುವರಿ ನೀರನ್ನು ಹೊರಹಾಕುವುದು ಕಣಿ. ಈ ನಾಲ್ಕನ್ನೂ ‘ಜಲ ಸಂರಕ್ಷಣಾ ರಚನೆಗಳು’ ಎಂದು ಒಂದೇ ಚೀಲಕ್ಕೆ ತುಂಬುವುದು ಸುಲಭ, ಆದರೆ ಅಲ್ಲಿಗೆ ಅರ್ಥ ಹೋಯಿತು. ಪ್ರತಿ ಪದಕ್ಕೂ ಪರವೂರಿನ ಓದುಗರಿಗೆ ತಿಳಿಯುವಂಥ ಒಂದು ವಾಕ್ಯದ ವಿವರಣೆ ಬರೆಯುವುದು ಈ ಹಂತದ ಮುಖ್ಯ ಅಭ್ಯಾಸ. ಮನೆಯ ಪದವನ್ನು ಹಾಗೆಯೇ ಇಟ್ಟುಕೊಂಡು ಅದರ ಸುತ್ತ ತಿಳಿಗನ್ನಡ ಬರೆಯುವುದು ಸಾಧ್ಯ ಎನ್ನಲು ನಮ್ಮ ಜಿಲ್ಲೆಯವರೇ ಆದ ಪತ್ರಕರ್ತ ಶ್ರೀ ಪಡ್ರೆಯವರ ನೀರಿನ ಬರಹಗಳು ಸಾಕ್ಷಿ. ಒಂದೆರಡು ಲೇಖನಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿ.

ಮೂರನೆಯ ಹಂತ: ಕಂಡದ್ದು, ಕೇಳಿದ್ದು, ಊಹಿಸಿದ್ದು

ಈಗ ಹಿರಿಯರ ಬಳಿಗೆ ಹೋಗುವ ಸಮಯ. ‘ಹವಾಮಾನ ಬದಲಾಗಿದೆಯೇ?’ ಎಂದು ಕೇಳಿದರೆ ‘ಹೌದು ಮಗಾ, ಈಗ ಕಾಲವೇ ಸರಿಯಿಲ್ಲ’ ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ಸಿಗದು. ಹೀಗೆ ಕೇಳಲು ಕಲಿಸಿ: ಅಜ್ಜಿ, ನೀವು ಮದುವೆಯಾಗಿ ಬಂದ ವರ್ಷ ಬೇಸಗೆಯಲ್ಲಿ ಈ ಬಾವಿಗೆ ಎಷ್ಟು ಮೊಳ ಹಗ್ಗ ಬೇಕಿತ್ತು? ಈ ಬೈಲಿನಲ್ಲಿ ಕೊಳಕೆ ಬೇಸಾಯ ಯಾವಾಗ ನಿಂತಿತು? ಏಣಿಲು, ಸುಗ್ಗಿ, ಕೊಳಕೆ ಎಂಬ ಮೂರು ಭತ್ತದ ಬೆಳೆಗಳಲ್ಲಿ ಕೊನೆಯದು ಬೇಸಗೆಯಲ್ಲೂ ನೀರಿದ್ದರೆ ಮಾತ್ರ ಆಗುವಂಥದ್ದು; ಅದು ನಿಂತ ವರ್ಷ ತಿಳಿದರೆ ನೀರಿನ ಚರಿತ್ರೆಗೆ ಒಂದು ಗೂಟ ನೆಟ್ಟಂತೆ. ಅದು ನೀರಿಲ್ಲದೆ ನಿಂತಿತೋ, ಆಳುಗಳಿಲ್ಲದೆ ನಿಂತಿತೋ ಎಂದೂ ಕೇಳಲು ಮರೆಯಬಾರದು.

ಹಿರಿಯರ ಕಾಲಗಣನೆ ಬೇರೆ. ತುಳುವರು ಪತ್ತನಾಜೆಯಿಂದ ಎಣಿಸುತ್ತಾರೆ. ಬೇಶ ತಿಂಗಳ ಹತ್ತನೆಯ ದಿನ, ಮೇ ಕೊನೆಯ ವಾರ, ಯಕ್ಷಗಾನದ ಆಟ, ಭೂತಕೋಲಗಳೆಲ್ಲ ನಿಂತು ಮಳೆಗೆ ಕಾಯುವ ಹೊತ್ತು. ಮಲಯಾಳಂ ಮನೆಯವರು ಇಡವಪ್ಪಾದಿ, ತುಲಾವರ್ಷ ಎನ್ನುತ್ತಾರೆ. ಪತ್ರಿಕೆ ಮುಂಗಾರು, ಹಿಂಗಾರು ಎನ್ನುತ್ತದೆ. ಕೃಷಿಕ ಅಜ್ಜಂದಿರು ಆರಿದ್ರಾ, ಪುನರ್ವಸು ಎಂದು ನಕ್ಷತ್ರ ಹೇಳುತ್ತಾರೆ. ಈ ನಾಲ್ಕನ್ನೂ ಒಂದೇ ಉದ್ದದ ಕಾಗದದ ಮೇಲೆ ತಿಂಗಳುಗಳ ಪಕ್ಕ ಬರೆದು ಗೋಡೆಗೆ ಅಂಟಿಸಿ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1 ಎಂಬುದನ್ನೂ ಅದರಲ್ಲಿ ಗುರುತಿಸಿ.

ಕೇಳಿದ್ದನ್ನು ಬರೆಯುವಾಗ ಕನ್ನಡ ಒಂದು ದೊಡ್ಡ ಅನುಕೂಲ ಕೊಡುತ್ತದೆ. ‘ಇಲ್ಲಿ ತೋಡು ಇದೆ’ ಎಂದರೆ ನಾನು ಕಂಡೆ. ‘ಇಲ್ಲಿ ತೋಡು ಇತ್ತು ಎಂದು ಅಂಗಡಿಯ ಇಚ್ಚ (ಅಣ್ಣ) ಹೇಳಿದರು’ ಎಂದರೆ ಹೇಳಿದವರು ಗೊತ್ತು. ‘ಇಲ್ಲಿ ತೋಡು ಇತ್ತಂತೆ’ ಎಂದರೆ ಊರ ಮಾತು. ‘ಇಲ್ಲಿ ತೋಡು ಇದ್ದಿರಬೇಕು’ ಎಂದರೆ ಗುರುತು ನೋಡಿ ಮಾಡಿದ ಊಹೆ. ಪ್ರತಿ ವಾಕ್ಯವೂ ಈ ನಾಲ್ಕರಲ್ಲಿ ಎಲ್ಲಿ ನಿಲ್ಲುತ್ತದೆಂದು ಮಕ್ಕಳು ಅಂಚಿನಲ್ಲಿ ಬರೆಯಲಿ: ಕಂ, ಹೇ, ಅಂ, ಊ. ಬರಹ ಮುಗಿದ ಮೇಲೆ ಎಣಿಸಿದರೆ, ಕಂಡದ್ದಕ್ಕಿಂತ ‘ಅಂತೆ’ ಹೆಚ್ಚಿದ್ದವರು ಮತ್ತೊಮ್ಮೆ ಹೋಗಿ ನೋಡಬೇಕು. ವಿಜ್ಞಾನದ ಶಿಕ್ಷಕರು ಸಾಕ್ಷ್ಯ ಎಂದು ಕಲಿಸುವುದನ್ನು ನಾವು ಕ್ರಿಯಾಪದದಲ್ಲಿ ಕಲಿಸುತ್ತಿದ್ದೇವೆ.

ಈ ಸಂದರ್ಶನದ ಬರಹದಲ್ಲೇ ಮಲಯಾಳಂ ಮನೆಯ ಮಕ್ಕಳ ಒಂದು ತೊಡಕು ಮೇಲಕ್ಕೆ ಬರುತ್ತದೆ. ಮಲಯಾಳಂ ಕ್ರಿಯಾಪದಕ್ಕೆ ಪುರುಷ, ಲಿಂಗ, ವಚನಗಳ ಪ್ರತ್ಯಯವಿಲ್ಲ: ಞಾನ್ ಪೋಯಿ, ಅವಳ್ ಪೋಯಿ, ಅವರ್ ಪೋಯಿ. ಕನ್ನಡದಲ್ಲಿ ಹೋದೆ, ಹೋದಳು, ಹೋದರು ಎಂದು ಮೂರು ರೂಪಗಳು. ‘ಅಜ್ಜಿ ಹೇಳಿತು’ ಎಂದು ಬರೆದ ಮಗು ಅಸಡ್ಡೆ ಮಾಡಿಲ್ಲ. ತನ್ನ ಮನೆಮಾತಿನ ನಿಯಮವನ್ನು ಪಾಲಿಸಿದೆ. ಎರಡನ್ನೂ ಅಕ್ಕಪಕ್ಕ ಬರೆದು ತೋರಿಸಿ. ಕೆಂಪು ಶಾಯಿಗಿಂತ ಈ ಹೋಲಿಕೆ ಹೆಚ್ಚು ಬೇಗ ನಾಟುತ್ತದೆ.

ನಾಲ್ಕನೆಯ ಹಂತ: ‘ಆದ ಮೇಲೆ’ ಮತ್ತು ‘ಆದದ್ದರಿಂದ’

ಹಲಗೆಯ ಮೇಲೆ ಎರಡು ವಾಕ್ಯ ಬರೆಯಿರಿ. ‘ರಸ್ತೆ ಅಗಲವಾದ ಮೇಲೆ ನಮ್ಮ ಬೈಲಿನಲ್ಲಿ ನೀರು ನಿಂತಿತು.’ ‘ರಸ್ತೆ ಅಗಲವಾದದ್ದರಿಂದ ನಮ್ಮ ಬೈಲಿನಲ್ಲಿ ನೀರು ನಿಂತಿತು.’ ಮೊದಲನೆಯದನ್ನು ಬರೆಯಲು ಕಣ್ಣಿದ್ದರೆ ಸಾಕು. ಎರಡನೆಯದಕ್ಕೆ ಪುರಾವೆ ಬೇಕು: ಹಳೆಯ ತೋಡಿನ ದಾರಿ ಯಾವುದು, ಹೊಸ ಮೋರಿ ಅದರ ನೇರಕ್ಕೆ ಇದೆಯೇ, ಅದರ ಬಾಯಿ ಎಷ್ಟು ಅಗಲ, ಹಿಂದೆ ಇಷ್ಟೇ ಮಿಲಿಮೀಟರ್ ಮಳೆಗೆ ನೀರು ನಿಲ್ಲುತ್ತಿತ್ತೇ? ಪುರಾವೆ ಸಿಗುವವರೆಗೆ ‘ಮೇಲೆ’ಯಲ್ಲೇ ನಿಲ್ಲಲಿ. ಪರಿಸರದ ಬಗ್ಗೆ ಬರೆಯುವ ದೊಡ್ಡವರೂ ಎಡವುವ ಜಾಗ ಇದು, ಆದ್ದರಿಂದ ಇಲ್ಲಿ ಎರಡು ವಾರ ಕೊಡಿ.

ಲೆಕ್ಕವೊಂದನ್ನು ಮಾಡಿಸಿ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಸೆಂಟ್ಸ್ ಎಂದರೆ ಸುಮಾರು 40.5 ಚದರ ಮೀಟರ್. ಐದು ಸೆಂಟ್ಸ್ ಜಾಗಕ್ಕೆ 100 ಮಿಲಿಮೀಟರ್ ಮಳೆ ಬಿದ್ದರೆ ಇಪ್ಪತ್ತು ಸಾವಿರ ಲೀಟರಿಗೂ ಸ್ವಲ್ಪ ಹೆಚ್ಚು. ಅಂಗಳ ಮಣ್ಣಿನದಾಗಿದ್ದಾಗ ಅದರಲ್ಲಿ ಒಂದು ಪಾಲು ಮುರಕಲ್ಲಿನೊಳಕ್ಕೆ ಇಂಗುತ್ತಿತ್ತು. ಮನೆ, ಶೆಡ್ಡು, ಇಂಟರ್‌ಲಾಕ್ ಹಾಸು ಎಲ್ಲ ಸೇರಿ ನೆಲ ಮುಚ್ಚಿದ ಮೇಲೆ ಹೆಚ್ಚಿನ ಪಾಲು ರಸ್ತೆಗೆ ಓಡುತ್ತದೆ. ಹೀಗೆ ಒಂದೊಂದೇ ಮನೆಯ ಇಪ್ಪತ್ತು ಸಾವಿರ ಲೀಟರ್ ಕೂಡಿ ಪೇಟೆಯ ನೆರೆಯಾಗುತ್ತದೆ. ಮುರಕಲ್ಲು ನೀರನ್ನು ಬೇಗ ಕುಡಿದು ಬೇಗ ಬಿಟ್ಟುಕೊಡುವ ಕಲ್ಲು. ಆದ್ದರಿಂದ ಜುಲೈಯಲ್ಲಿ ತುಂಬಿದ ಬಾವಿ ಮಾರ್ಚಿನಲ್ಲಿ ಬತ್ತುವುದೂ ನೀರು ಇಂಗದೆ ಓಡಿಹೋಗುವುದೂ ಒಂದೇ ಬರಹದೊಳಗೆ ಬರಬೇಕು.

ಹವಾಮಾನ, ವಾಯುಗುಣ ಎಂಬ ಎರಡು ಪದಗಳನ್ನು ಬೇರ್ಪಡಿಸುವುದೂ ಇಲ್ಲಿಯೇ. ಪತ್ರಿಕೆಗಳು ಎರಡಕ್ಕೂ ಹವಾಮಾನ ಎಂದೇ ಬರೆಯುವುದುಂಟು. ತರಗತಿಯಲ್ಲಿ ಬಿಗಿಯಾಗಿರೋಣ: ಇಂದಿನ, ಈ ವಾರದ ಮಳೆ, ಬಿಸಿಲು, ಗಾಳಿ ಹವಾಮಾನ, ಸಾಮಾನ್ಯವಾಗಿ ಮೂವತ್ತು ವರ್ಷಗಳ ಸರಾಸರಿಯಿಂದ ತಿಳಿಯುವುದು ವಾಯುಗುಣ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇಕಡ 7ರಷ್ಟು ಹೆಚ್ಚು ತೇವ ಹಿಡಿಯಬಲ್ಲದು. ಭೂಮಿ ಬಿಸಿಯಾದಂತೆ ಒಮ್ಮೆಲೇ ಸುರಿಯುವ ಮಳೆ ಹೆಚ್ಚಲು ಇದೊಂದು ಕಾರಣ. ಆದರೆ ನಮ್ಮ ಬಾಟಲಿಯ ಒಂದು ದಿನದ 150 ಮಿಲಿಮೀಟರಿಗೆ ವಾಯುಗುಣವೇ ಕಾರಣ ಎಂದು ಬರೆಯಲು ನಮಗೆ ಆಧಾರವಿಲ್ಲ. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ಅರಬ್ಬೀ ಸಮುದ್ರದಲ್ಲಿ ಹಾದುಹೋದದ್ದನ್ನು ಉಪ್ಪಳದ ಮೂಸೋಡಿಯ ಕಡೆಯ ಮಕ್ಕಳು ಮನೆಯಲ್ಲಿ ಕೇಳಿರುತ್ತಾರೆ. ಕಡಲ್ಕೊರೆತದ ಬಗ್ಗೆ ಬರೆಯುವಾಗ ಆ ನೆನಪಿಗೆ ‘ಹೇ’ ಎಂಬ ಗುರುತು, ಕುಸಿದ ತಡೆಗೋಡೆಯ ಕಲ್ಲಿಗೆ ‘ಕಂ’ ಎಂಬ ಗುರುತು.

ರಸ್ತೆ ಕೊಟ್ಟದ್ದನ್ನೂ ಬರೆಸಿ. ದೊಡ್ಡ ಕಾಯಿಲೆಗೆ ಮಂಗಳೂರಿನ ಆಸ್ಪತ್ರೆಯನ್ನೇ ನಂಬಿರುವ ನಮಗೆ ಆಂಬುಲೆನ್ಸ್ ಬೇಗ ತಲುಪುವುದು ಸಣ್ಣ ಸಂಗತಿಯಲ್ಲ. ಅದನ್ನು ಬಿಟ್ಟು ಬರೆದ ಬರಹ ಅರ್ಧ ಸತ್ಯ.

ಐದನೆಯ ಹಂತ: ಕರ್ತೃವನ್ನು ಹುಡುಕುವುದು

‘ತೋಡನ್ನು ಮುಚ್ಚಲಾಗಿದೆ.’ ‘ಕ್ರಮ ಕೈಗೊಳ್ಳಲಾಗುವುದು.’ ಮಕ್ಕಳು ಈ ಕರ್ಮಣಿ ಪ್ರಯೋಗವನ್ನು ಪ್ರಕಟಣೆಗಳಿಂದ ಕಲಿತು, ಅದೇ ಗಂಭೀರ ಕನ್ನಡವೆಂದು ನಂಬಿರುತ್ತಾರೆ. ಇಂಥ ಪ್ರತಿ ವಾಕ್ಯದ ಕೆಳಗೆ ‘ಯಾರು?’ ಎಂದು ಬರೆಯಿರಿ. ಗೊತ್ತಿದ್ದರೆ ಕರ್ತರಿಗೆ ತಿರುಗಿಸಲಿ. ಗೊತ್ತಿಲ್ಲದಿದ್ದರೆ ‘ಯಾರು ಮುಚ್ಚಿದರೆಂದು ನಮಗೆ ತಿಳಿಯಲಿಲ್ಲ’ ಎಂದು ಪ್ರಾಮಾಣಿಕವಾಗಿ ಬರೆಯಲಿ. ಖಾಸಗಿ ವ್ಯಕ್ತಿಗಳ ಹೆಸರು ಬರಹದಲ್ಲಿ ಬರಬಾರದು. ಮಕ್ಕಳ ಬರಹದಿಂದ ನೆರೆಮನೆಯಲ್ಲಿ ಜಗಳವಾದರೆ ಹೊಣೆ ನಮ್ಮದು.

ಆರನೆಯ ಹಂತ: ತಿದ್ದುವುದು

ಇಲ್ಲಿ ಹೆಚ್ಚು ಹೇಳುವುದಿಲ್ಲ. ಮೊದಲ ಕರಡಿನಲ್ಲಿ ಕಾಗುಣಿತ ಮುಟ್ಟಬೇಡಿ. ಜೋಡಿಯಲ್ಲಿ ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕಣ್ಣು ಮುಚ್ಚಿ ಕೇಳಲಿ. ಜಾಗ ಕಣ್ಣಿಗೆ ಕಟ್ಟದ ಕಡೆ ಕೈ ಎತ್ತಲಿ. ಎರಡನೆಯ ಕರಡಿನಲ್ಲಿ ಕ್ರಿಯಾಪದ, ಮೂರನೆಯದರಲ್ಲಿ ಅಲ್ಪಪ್ರಾಣ, ಮಹಾಪ್ರಾಣ ಮತ್ತು ಒತ್ತಕ್ಷರ. ಮುನ್ನೂರು ಪದಗಳ ಮೇಲೆ ಬೇಡ.

ಏಳನೆಯ ಹಂತ: ಊರಿಗೆ ಒಪ್ಪಿಸುವುದು

ತಿಂಗಳಿಗೊಂದು ಗೋಡೆ ಪತ್ರಿಕೆ ತನ್ನಿ. ಒಂದು ಪ್ರತಿ ಶಾಲೆಯಲ್ಲಿ, ಇನ್ನೊಂದು ಪೇಟೆಯ ವಾಚನಾಲಯದಲ್ಲಿ ಅಥವಾ ಹಾಲಿನ ಸೊಸೈಟಿಯಲ್ಲಿ. ಕನ್ನಡ ಓದಲಾರದ ನೆರೆಯವರಿಗಾಗಿ ಪ್ರತಿ ಬರಹದ ಕೆಳಗೆ ಐದು ಸಾಲಿನ ಮಲಯಾಳಂ ಸಾರ ಇರಲಿ. ಅದನ್ನು ಬರೆಯುವ ಹೊಣೆಯನ್ನು ಮಲಯಾಳಂ ಮನೆಯ ಮಕ್ಕಳಿಗೆ ಕೊಡಿ. ಕನ್ನಡ ತರಗತಿಯಲ್ಲಿ ಹಿಂದಿನ ಬೆಂಚಿಗೆ ಸರಿಯುವ ಮಗು ಅಂದು ಎಲ್ಲರಿಗೂ ಬೇಕಾದವನಾಗುತ್ತಾನೆ.

ಕೊನೆಯ ಬರಹ ಅರ್ಜಿಯಾಗಿರಲಿ. ವಾರ್ಡಿನ ಗ್ರಾಮಸಭೆಗೆ ಅಥವಾ ಪಂಚಾಯತಿಗೆ, ಕನ್ನಡದಲ್ಲಿಯೇ. ತನ್ನ ಕುಂದುಕೊರತೆಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ವಿಧಿಯ ಸಂಖ್ಯೆಯನ್ನು ಮಕ್ಕಳು ಬಾಯಿಪಾಠ ಮಾಡಿಕೊಳ್ಳಲಿ. ಅರ್ಜಿಯಲ್ಲಿ ಒಂದೇ ಬೇಡಿಕೆ ಇರಬೇಕು. ‘ಪರಿಸರವನ್ನು ರಕ್ಷಿಸಿ’ ಎಂಬುದು ಬೇಡಿಕೆಯಲ್ಲ. ‘ಶಾಲೆಯ ಬಳಿಯ ಮೋರಿಯ ಬಾಯಿಗೆ ತುಂಬಿರುವ ಮಣ್ಣನ್ನು ಮೇ 20ರೊಳಗೆ ತೆಗೆಸಿಕೊಡಬೇಕು’ ಎಂಬುದು ಬೇಡಿಕೆ. ಮಳೆಯ ಪಟ್ಟಿ ಮತ್ತು ದಾರಿಯ ನಕ್ಷೆಯನ್ನು ಲಗತ್ತಿಸಿ, ಸ್ವೀಕೃತಿ ಪಡೆದು ಬನ್ನಿ.

ಅಂಕ ಕೊಡುವಾಗ ನಾನು ಅರ್ಧವನ್ನು ದಿನಕ್ಕೊಂದು ವಾಕ್ಯಕ್ಕೆ ಇಡುತ್ತೇನೆ. ಒಂದು ದಿನ ಚೆನ್ನಾಗಿ ಬರೆದವರಿಗಿಂತ ತೊಂಬತ್ತು ದಿನ ತಪ್ಪದೆ ಬರೆದವರ ಕನ್ನಡ ಹೆಚ್ಚು ಬೆಳೆದಿರುತ್ತದೆ. ಜೂನಿನ ಪುಟವನ್ನೂ ಸೆಪ್ಟೆಂಬರಿನ ಪುಟವನ್ನೂ ಅಕ್ಕಪಕ್ಕ ಇಟ್ಟರೆ ಮಗುವಿಗೇ ಅದು ಕಾಣುತ್ತದೆ.

ಮಳೆಯ ಪುಸ್ತಕಕ್ಕೆ ಗಟ್ಟಿ ರಟ್ಟಿನದನ್ನೇ ಕೊಳ್ಳಿ. ಮಾರ್ಚಿನಲ್ಲಿ ಬಾವಿಯ ಹಗ್ಗ ಅಳೆದ ಲೆಕ್ಕವನ್ನೂ ಅದರಲ್ಲೇ ಸೇರಿಸಿ, ಶಾಲೆಯ ಗ್ರಂಥಾಲಯದ ದಾಖಲೆಯಲ್ಲಿ ಸಂಖ್ಯೆ ಹಾಕಿಸಿ, ಮುಂದಿನ ವರ್ಷದ ಒಂಬತ್ತನೆಯವರ ಕೈಗೆ ಕೊಡಿ. ವಾಯುಗುಣ ಎಂಬ ಪದಕ್ಕೆ ಮೂವತ್ತು ವರ್ಷ ಬೇಕು, ಅಂದರೆ ಮೂವತ್ತು ತರಗತಿಗಳ ಪುಸ್ತಕ. ಪೆನ್ಸಿಲಿನಲ್ಲಿ ಬರೆಸಬೇಡಿ, ಅಳಿಸಿಹೋಗುತ್ತದೆ.